ಮೈಬಣ್ಣದಲ್ಲಿ ಯಾರ ಪಾಲು ಎಷ್ಟು? ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಗುವಿನ ತೂಕ, ಹಾಲು, ನಿದ್ರೆಗಳನ್ನು ಬಿಟ್ಟರೆ ಅತಿ ಹೆಚ್ಚು ಜನ ವಿಚಾರಿಸುವುದು ಮೈಬಣ್ಣವನ್ನು. ಬಹುಪಾಲು ಪತ್ರಗಳಲ್ಲಿ ಆ ಪ್ರಶ್ನೆ ಕೊನೆಯ ಸಾಲಿನಲ್ಲಿ, ‘ಇನ್ನೊಂದು ಸಣ್ಣ ಅನುಮಾನ’ ಎಂಬ ಮುನ್ನುಡಿಯೊಂದಿಗೆ ಇಣುಕುತ್ತದೆ. ಈ ಬಾರಿ ಅಂಥ ಪತ್ರಗಳನ್ನೇ ಒಟ್ಟುಗೂಡಿಸಿದ್ದೇನೆ. ಹೆಸರು ಬೇಡವೆಂದವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನೂ ನನ್ನ ಪತಿಯೂ ಎಣ್ಣೆಗೆಂಪು ಬಣ್ಣದವರು. ಮೊದಲ ಮಗಳು ನಮ್ಮಿಬ್ಬರಿಗಿಂತ ಬೆಳ್ಳಗಿದ್ದಾಳೆ. ಎರಡು ವರ್ಷದ ಮಗ ನಮ್ಮಿಬ್ಬರಿಗಿಂತ ಕಪ್ಪು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬರುತ್ತದೆ? ಬಂಧುಗಳು ಕೇಳಿದಾಗ ಏನು ಹೇಳಬೇಕೆಂದೇ ತೋಚುವುದಿಲ್ಲ.

ಉತ್ತರ: ತಂದೆಯದೊಂದು ಡಬ್ಬಿ, ತಾಯಿಯದೊಂದು ಡಬ್ಬಿ ಬಣ್ಣವನ್ನು ಸುರಿದು ಕಲಸಿದಂತೆ ಮಗುವಿನ ಬಣ್ಣ ತಯಾರಾಗುವುದಾಗಿದ್ದರೆ ನಿಮ್ಮ ಇಬ್ಬರು ಮಕ್ಕಳೂ ಒಂದೇ ಬಣ್ಣದವರಾಗಿರಬೇಕಿತ್ತು, ನಾಲ್ಕಾರು ತಲೆಮಾರು ಕಳೆಯುವಷ್ಟರಲ್ಲಿ ಇಡೀ ವಂಶವೇ ಒಂದು ಬಣ್ಣಕ್ಕೆ ಬಂದು ನಿಲ್ಲಬೇಕಿತ್ತು. ಹಾಗಾಗುವುದಿಲ್ಲ ಎಂಬುದಕ್ಕೆ ನಿಮ್ಮ ಮನೆಯೇ ಸಾಕ್ಷಿ. ಏಕೆ ಆಗುವುದಿಲ್ಲ ಎಂದು ತಿಳಿಯಲು ಚರ್ಮದೊಳಗೆ ಸ್ವಲ್ಪ ಇಳಿಯಬೇಕು.

ಹೊರಚರ್ಮದ ತಳದ ಪದರದಲ್ಲಿ ಮೆಲನೋಸೈಟ್ ಎಂಬ ವರ್ಣಕೋಶಗಳಿವೆ. ಅವು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಕಚ್ಚಾವಸ್ತುವಾಗಿ ಬಳಸಿಕೊಂಡು, ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುತ್ತವೆ. ಈ ಮೆಲನಿನ್, ಮೆಲನೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು, ವರ್ಣಕೋಶದ ಬೇರಿನಂಥ ಚಾಚುಗಳ ಮೂಲಕ ಸುತ್ತಲಿನ ಚರ್ಮಕೋಶಗಳಿಗೆ ಸಾಗುತ್ತದೆ. ಒಂದು ವರ್ಣಕೋಶ ಹೀಗೆ ಸುಮಾರು 36 ಚರ್ಮಕೋಶಗಳಿಗೆ ಬಣ್ಣ ಒದಗಿಸುತ್ತದೆ. ಅಲ್ಲಿಗೆ ತಲುಪಿದ ಚೀಲಗಳು ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಕೊಡೆ ಹಿಡಿದಂತೆ ಕೂರುತ್ತವೆ. ಒಳಗಿನ ಡಿಎನ್‌ಎಗೆ ನೇರಳಾತೀತ ಕಿರಣಗಳು ತಾಗದಂತೆ ತಡೆಯುವುದೇ ಈ ಕೊಡೆಯ ಕೆಲಸ. ನಾವು ಮೈಬಣ್ಣ ಎನ್ನುವುದು ಬಹುಮಟ್ಟಿಗೆ ಇಂಥ ಲಕ್ಷಾಂತರ ಕೊಡೆಗಳ ಹೊರನೋಟ.

ಅತಿ ಬೆಳ್ಳಗಿನವರಲ್ಲಾಗಲಿ ಅತಿ ಕಪ್ಪಗಿನವರಲ್ಲಾಗಲಿ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ಆ ಕೋಶಗಳ ದುಡಿಮೆಯಲ್ಲಿದೆ. ಕಪ್ಪು ಚರ್ಮದಲ್ಲಿ ಮೆಲನಿನ್ ಚೀಲಗಳು ದೊಡ್ಡವು, ಒಂದೊಂದೂ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ, ಬೇಗ ಕರಗುವುದಿಲ್ಲ. ತಿಳಿಬಣ್ಣದ ಚರ್ಮದಲ್ಲಿ ಅವು ಸಣ್ಣವು, ಗುಂಪುಗೂಡಿ ಉಳಿಯುತ್ತವೆ, ಮೇಲಿನ ಪದರಕ್ಕೆ ಬರುವಷ್ಟರಲ್ಲಿ ಒಡೆದುಹೋಗುತ್ತವೆ. ಮೆಲನಿನ್‌ನಲ್ಲಿಯೂ ಎರಡು ಬಗೆಯಿದೆ: ಕಂದುಗಪ್ಪಿನ ಯೂಮೆಲನಿನ್ ಮತ್ತು ಕೆಂಪು ಹಳದಿಯ ಫಿಯೋಮೆಲನಿನ್. ಎಷ್ಟು ತಯಾರಾಗಬೇಕು, ಯಾವ ಬಗೆಯದು ತಯಾರಾಗಬೇಕು, ಚೀಲದೊಳಗಿನ ಆಮ್ಲೀಯತೆ ಎಷ್ಟಿರಬೇಕು, ಚೀಲವನ್ನು ಕೋಶದ ಅಂಚಿಗೆ ಯಾರು ಹೊತ್ತೊಯ್ಯಬೇಕು ಎಂಬ ಒಂದೊಂದು ಕೆಲಸಕ್ಕೂ ಬೇರೆ ಬೇರೆ ವಂಶವಾಹಿಗಳಿವೆ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಪ್ರಯೋಗಾಲಯದಲ್ಲಿ ಬೆಳೆಸಿದ ವರ್ಣಕೋಶಗಳಲ್ಲಿ ವಂಶವಾಹಿಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸಿ ನೋಡಿ, ಮೆಲನಿನ್ ತಯಾರಿಕೆಯ ಮೇಲೆ ಪ್ರಭಾವ ಬೀರುವ 169 ವಂಶವಾಹಿಗಳನ್ನು ಗುರುತಿಸಿತು. ಅವುಗಳಲ್ಲಿ 135ಕ್ಕೆ ಬಣ್ಣದೊಡನೆ ನಂಟಿದೆ ಎಂಬುದು ಅದಕ್ಕೂ ಮೊದಲು ಗೊತ್ತೇ ಇರಲಿಲ್ಲ.

ಇಷ್ಟನ್ನೂ ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಆದ್ದರಿಂದ ಮೂರೇ ಮೂರು ವಂಶವಾಹಿಗಳಿವೆ, ಮೂರರ ಪ್ರಭಾವವೂ ಸಮ ಎಂದು ಇಟ್ಟುಕೊಳ್ಳೋಣ. ಪ್ರತಿಯೊಬ್ಬರಲ್ಲೂ ಒಂದೊಂದು ವಂಶವಾಹಿಯ ಎರಡೆರಡು ಪ್ರತಿಗಳಿರುತ್ತವೆ, ತಂದೆಯಿಂದ ಬಂದದ್ದೊಂದು, ತಾಯಿಯಿಂದ ಬಂದದ್ದೊಂದು. ಪ್ರತಿಯೊಂದು ಪ್ರತಿಯೂ ‘ಗಾಢ’ ಅಥವಾ ‘ತಿಳಿ’ ಆಗಿರಬಹುದು. ನಿಮ್ಮಿಬ್ಬರಲ್ಲೂ ಮೂರೂ ಜಾಗಗಳಲ್ಲಿ ಒಂದು ಗಾಢ, ಒಂದು ತಿಳಿ ಪ್ರತಿ ಇದೆಯೆಂದರೆ, ಆರರಲ್ಲಿ ಮೂರು ಗಾಢ ಪ್ರತಿಗಳ ನಡುಬಣ್ಣ ನಿಮ್ಮದು. ಮಗು ಪ್ರತಿ ಜಾಗದಲ್ಲೂ ನಿಮ್ಮಿಂದ ಒಂದನ್ನು, ನಿಮ್ಮ ಪತಿಯಿಂದ ಒಂದನ್ನು ಪಡೆಯುತ್ತದೆ. ಯಾವುದು ಬರುತ್ತದೆಂಬುದು ಆರು ಬಾರಿ ನಾಣ್ಯ ಚಿಮ್ಮಿದಂತೆ. ಆರು ಚಿಮ್ಮುಗಳಿಂದ ಒಟ್ಟು 64 ಫಲಿತಾಂಶಗಳು ಸಾಧ್ಯ. ಅವುಗಳಲ್ಲಿ ಸರಿಯಾಗಿ ಮೂರು ಗಾಢ ಪ್ರತಿಗಳು ಬೀಳುವುದು 20 ಬಾರಿ ಮಾತ್ರ. ಮೂರಕ್ಕಿಂತ ಹೆಚ್ಚು ಬೀಳುವುದು 22 ಬಾರಿ, ಕಡಿಮೆ ಬೀಳುವುದು 22 ಬಾರಿ. ಆರಕ್ಕೆ ಆರೂ ಗಾಢವಾಗಿರುವ ಮಗು 64ರಲ್ಲಿ ಒಂದು, ಆರೂ ತಿಳಿಯಾಗಿರುವುದು ಇನ್ನೊಂದು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎಷ್ಟೋ ತಂದೆತಾಯಿಗಳು ಮತ್ತೊಮ್ಮೆ ಕೂಡಿ ನೋಡುತ್ತಾರೆ. ಏಕೆಂದರೆ ತಂದೆತಾಯಿಯ ಬಣ್ಣವನ್ನೇ ಹೊತ್ತು ಬರುವ ಮಗು ಇಲ್ಲಿ ಅಲ್ಪಸಂಖ್ಯಾತ. ಮೂರರಲ್ಲಿ ಎರಡು ಮಕ್ಕಳು ಒಂದೋ ಹೆಚ್ಚು ಗಾಢ, ಇಲ್ಲವೇ ಹೆಚ್ಚು ತಿಳಿ. ವಾಸ್ತವದಲ್ಲಿ ವಂಶವಾಹಿಗಳು ಬಹಳ, ಅವುಗಳ ಪ್ರಭಾವವೂ ಸಮವಲ್ಲವಾದ್ದರಿಂದ ಮೆಟ್ಟಿಲುಗಳು ಇಷ್ಟು ದೊಡ್ಡವಾಗಿರುವುದಿಲ್ಲ, ಮಕ್ಕಳ ಬಣ್ಣ ನಡುವಿನ ಸುತ್ತಮುತ್ತ ಇನ್ನಷ್ಟು ದಟ್ಟವಾಗಿ ಸೇರುತ್ತದೆ. ಆದರೂ ಎರಡೂ ಬದಿಗೆ ಹರಡಿಕೊಳ್ಳುವ ಗುಣ ಹಾಗೆಯೇ ಉಳಿಯುತ್ತದೆ. ಬಣ್ಣವೊಂದನ್ನೇ ಅಲ್ಲದೆ ಇಡೀ ಆನುವಂಶಿಕ ಸಾಮಗ್ರಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 23 ಜೋಡಿ ವರ್ಣತಂತುಗಳಿಂದ ಒಂದೊಂದನ್ನು ಆರಿಸುವ ಬಗೆಗಳೇ ಒಬ್ಬ ವ್ಯಕ್ತಿಯಲ್ಲಿ 83,88,608. ಜೋಡಿಯೊಳಗೆ ತುಂಡುಗಳು ಅದಲುಬದಲಾಗುವುದನ್ನು ಇದಕ್ಕೆ ಸೇರಿಸಿಲ್ಲ.

ಬಂಧುಗಳಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಆಸ್ತಿ ಒಂದೇ, ಇಬ್ಬರಿಗೂ ಬಂದ ಪಾಲು ಬೇರೆ ಎಂದರೆ ಅವರಿಗೆ ತಕ್ಷಣ ಅರ್ಥವಾದೀತು.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೆಂಡೆಲನ ಬಟಾಣಿ ಗಿಡಗಳ ಪಾಠ ನಡೆದಾಗ ವಿದ್ಯಾರ್ಥಿನಿಯೊಬ್ಬಳು, ‘ಕಪ್ಪು ಬಣ್ಣ ಪ್ರಬಲ ಗುಣವೇ? ಗಂಡುಮಕ್ಕಳಿಗೆ ತಂದೆಯ ಬಣ್ಣ, ಹೆಣ್ಣುಮಕ್ಕಳಿಗೆ ತಾಯಿಯ ಬಣ್ಣ ಬರುತ್ತದೆಯೇ?’ ಎಂದು ಕೇಳಿದಳು. ನನಗೆ ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ.

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸರಳ. ಚರ್ಮದ ಬಣ್ಣದ ಮುಖ್ಯ ವಂಶವಾಹಿಗಳು ಲಿಂಗ ನಿರ್ಧರಿಸುವ ವರ್ಣತಂತುಗಳ ಮೇಲಿಲ್ಲ; 5, 11, 15, 16ನೆಯ ವರ್ಣತಂತುಗಳಂಥ ಸಾಮಾನ್ಯ ಜೋಡಿಗಳ ಮೇಲಿವೆ. ಆದ್ದರಿಂದ ಮಗ, ಮಗಳು ಎಂಬ ಭೇದವಿಲ್ಲದೆ ಎರಡೂ ಕಡೆಯಿಂದ ಸಮಪಾಲು ಬರುತ್ತದೆ. ಪಾಲು ಸಮವಾದರೂ ಪಾಲಿನಲ್ಲಿ ಇರುವುದೇನು ಎಂಬುದು ಬೇರೆ ಮಾತು.

ಮೊದಲನೆಯ ಪ್ರಶ್ನೆ ನಿಮ್ಮ ವಿದ್ಯಾರ್ಥಿನಿ ಅಂದುಕೊಂಡದ್ದಕ್ಕಿಂತ ಆಳವಾದದ್ದು. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಟಾಣಿ ಗಿಡ ಎತ್ತರ ಅಥವಾ ಗಿಡ್ಡ, ಕಾಳು ದುಂಡು ಅಥವಾ ಸುಕ್ಕು, ನಡುವಿನ ಸ್ಥಿತಿಯೇ ಇರಲಿಲ್ಲ. ಮನುಷ್ಯರ ಮೈಬಣ್ಣ ಹಾಗೆ ಎರಡು ಪಂಗಡವಾಗಿ ಒಡೆಯುವುದಿಲ್ಲ. ಎತ್ತರ, ತೂಕಗಳಂತೆ ಅದು ಅಖಂಡವಾಗಿ ಹರಿಯುವ ಗುಣ. 1913ರಲ್ಲಿ ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್, ಬಣ್ಣದ ಕಾಗದದ ತಟ್ಟೆಗಳನ್ನು ಜೋಡಿಸಿದ ಬುಗುರಿಯನ್ನು ಜನರ ತೋಳಿನ ಪಕ್ಕದಲ್ಲಿ ತಿರುಗಿಸಿ, ತಿರುಗುವಾಗ ಬೆರೆತು ಕಾಣುವ ಬಣ್ಣವನ್ನು ಚರ್ಮಕ್ಕೆ ಹೋಲಿಸಿ, ಎರಡು ಜೋಡಿ ವಂಶವಾಹಿಗಳು ಬಣ್ಣವನ್ನು ನಿರ್ಧರಿಸುತ್ತವೆ ಎಂದು ಬರೆದ. ಒಂದಕ್ಕಿಂತ ಹೆಚ್ಚು ವಂಶವಾಹಿಗಳ ಪ್ರಭಾವ ಕೂಡಿಕೊಳ್ಳುತ್ತದೆ ಎಂಬ ಅವನ ಊಹೆ ಸರಿ, ಎಣಿಕೆ ತಪ್ಪು. ಜನಾಂಗ ‘ಸುಧಾರಣೆ’ಯ ಹೆಸರಿನಲ್ಲಿ ಅವನು ಮುಂದಾಳತ್ವ ವಹಿಸಿದ ಚಳವಳಿಯಂತೂ ವಿಜ್ಞಾನದ ಹೆಸರಿಗೇ ಕಳಂಕ, ಅವನ ಹೆಸರು ಹೇಳುವಾಗ ಅದನ್ನೂ ಹೇಳುವುದು ನ್ಯಾಯ. ಈಗ ಬುಗುರಿಯ ಜಾಗದಲ್ಲಿ ಚರ್ಮದಿಂದ ಮರಳುವ ಬೆಳಕನ್ನು ಅಳೆಯುವ ಉಪಕರಣ ಬಂದಿದೆ. ಅಳತೆಯನ್ನು ಬಿಸಿಲು ಬೀಳದ ಮೇಲ್ತೋಳಿನ ಒಳಬದಿಯಲ್ಲಿ ಮಾಡುತ್ತಾರೆ. ಹುಟ್ಟಿನಿಂದ ಬಂದ ಬಣ್ಣ ಅಲ್ಲಿಯದು. ಮುಖ, ಮುಂಗೈಗಳಲ್ಲಿರುವುದು ಅದರ ಮೇಲೆ ಬಿಸಿಲು ಸೇರಿಸಿದ ಬಣ್ಣ.

ಹೆಚ್ಚಿನ ವಂಶವಾಹಿಗಳ ವಿಷಯದಲ್ಲಿ ಗಾಢ, ತಿಳಿ ಎರಡೂ ಪ್ರತಿಗಳು ಒಟ್ಟಿಗಿದ್ದಾಗ ಪರಿಣಾಮ ನಡುವೆ ಎಲ್ಲೋ ನಿಲ್ಲುತ್ತದೆ. ಯಾವುದೂ ಯಾವುದನ್ನೂ ಪೂರ್ತಿ ಮರೆಮಾಡುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ 15ನೆಯ ವರ್ಣತಂತುವಿನ ಮೇಲಿರುವ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿ. ಅದು ಪತ್ತೆಯಾದ ಬಗೆಯನ್ನು ನಿಮ್ಮ ತರಗತಿಯಲ್ಲಿ ಹೇಳಿದರೆ ಮಕ್ಕಳು ಮರೆಯಲಾರರು. ಜೀಬ್ರಾ ಮೀನಿನ ಮೈಮೇಲೆ ಕಪ್ಪು ಪಟ್ಟೆಗಳಿರುತ್ತವೆ. ಆ ಪಟ್ಟೆಗಳು ಮಾಸಿದಂತಿರುವ ‘ಗೋಲ್ಡನ್’ ಎಂಬ ತಳಿಯಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಚೆಂಗ್ ಮತ್ತು ಸಂಗಡಿಗರು ಹುಡುಕುತ್ತಿದ್ದರು. ಸಿಕ್ಕ ವಂಶವಾಹಿಯ ಮಾನವ ರೂಪದ ಸಂದೇಶವನ್ನು, ಅಂದರೆ ಪ್ರೋಟೀನು ತಯಾರಿಸಲು ಕೋಶಕ್ಕೆ ಅದು ಕಳಿಸುವ ಆದೇಶದ ಪ್ರತಿಯನ್ನು, ಆ ಮೀನಿನ ಭ್ರೂಣಕ್ಕೆ ಚುಚ್ಚಿದಾಗ ಕಪ್ಪು ಬಣ್ಣ ಮರಳಿತು. ಅಂದರೆ ಮೀನಿನಲ್ಲಿಯೂ ಮನುಷ್ಯನಲ್ಲಿಯೂ ಆ ವಂಶವಾಹಿ ಮಾಡುವ ಕೆಲಸ ಒಂದೇ. 2005ರಲ್ಲಿ ಇದು ಪ್ರಕಟವಾಯಿತು. ಅದರ ಪ್ರೋಟೀನಿನ 111ನೆಯ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲದ ಬದಲು ಥ್ರಿಯೋನಿನ್ ಎಂಬುದು ಬಂದರೆ ಚರ್ಮ ತಿಳಿಯಾಗುತ್ತದೆ. ಡಿಎನ್‌ಎಯಲ್ಲಿ ಬದಲಾಗುವುದು ಒಂದೇ ಒಂದು ಅಕ್ಷರ. ಯುರೋಪಿನವರಲ್ಲಿ ಈ ತಿಳಿ ರೂಪ ಬಹುತೇಕ ಎಲ್ಲರಲ್ಲೂ ಇದೆ, ದಕ್ಷಿಣ ಏಷ್ಯಾದಲ್ಲಿ ಹಲವರಲ್ಲಿದೆ, ಹಲವರಲ್ಲಿಲ್ಲ. ಎರಡೂ ತಿಳಿ ಪ್ರತಿಗಳಿರುವವರು, ಒಂದಿರುವವರು, ಒಂದೂ ಇಲ್ಲದವರು ಎಂದು ವಿಂಗಡಿಸಿ ಅಳೆದರೆ ಸರಾಸರಿ ಬಣ್ಣ ಮೂರು ಮೆಟ್ಟಿಲಾಗಿ ಕಾಣುತ್ತದೆ.

ಅಪವಾದಗಳೂ ಇವೆ. 16ನೆಯ ವರ್ಣತಂತುವಿನ ಎಂಸಿ1ಆರ್ ವಂಶವಾಹಿ, ಕಂದುಗಪ್ಪು ಮೆಲನಿನ್ ತಯಾರಿಸಬೇಕೋ ಕೆಂಪು ಹಳದಿಯದನ್ನೋ ಎಂದು ನಿರ್ಧರಿಸುವ ಗುಂಡಿಯಿದ್ದಂತೆ. ಅದರ ಎರಡೂ ಪ್ರತಿಗಳು ದುರ್ಬಲವಾದಾಗ ಕೆಂಗೂದಲು, ಬಿಸಿಲಿಗೆ ಬೇಗ ಸುಡುವ ಅತಿ ತಿಳಿ ಚರ್ಮ ಕಂಡುಬರುತ್ತದೆ. ಇಲ್ಲಿ ಮೆಂಡೆಲನ ಪಾಠ ಹೆಚ್ಚುಕಡಿಮೆ ಹೊಂದುತ್ತದೆ. ಇನ್ನೊಂದು ಅಪವಾದ ಆಲ್ಬಿನಿಸಂ. ಅದರ ಬಗ್ಗೆಯೇ ಒಂದು ಪತ್ರ ಮುಂದೆ ಬರುತ್ತದೆ.

ಪ್ರಶ್ನೆ: ಹುಟ್ಟಿದಾಗ ನಮ್ಮ ಮಗು ಕೆಂಪು ಕೆಂಪಾಗಿತ್ತು. ಈಗ ಮೂರು ತಿಂಗಳು, ದಿನದಿನಕ್ಕೆ ಕಪ್ಪಾಗುತ್ತಿದೆ. ನಮ್ಮ ಆರೈಕೆಯಲ್ಲಿ ಏನಾದರೂ ತಪ್ಪಾಯಿತೇ? ಬೆನ್ನಿನ ಕೆಳಭಾಗದಲ್ಲಿ ಏಟು ಬಿದ್ದು ಕಂದಿದಂತೆ ನೀಲಿ ಮಚ್ಚೆಯೂ ಇದೆ.

ಉತ್ತರ: ಯಾವ ತಪ್ಪೂ ಆಗಿಲ್ಲ. ಹುಟ್ಟಿದ ದಿನ ನೀವು ಕಂಡ ಕೆಂಪು ಚರ್ಮದ ಬಣ್ಣವೇ ಅಲ್ಲ, ಅದು ರಕ್ತದ ಬಣ್ಣ. ನವಜಾತ ಶಿಶುವಿನ ಚರ್ಮ ತೆಳು, ರಕ್ತದಲ್ಲಿ ಹಿಮೋಗ್ಲೋಬಿನ್ ವಯಸ್ಕರಿಗಿಂತ ಹೆಚ್ಚು, ಮೆಲನಿನ್ ತಯಾರಿಕೆ ಇನ್ನೂ ಪೂರ್ಣ ವೇಗಕ್ಕೆ ಬಂದಿರುವುದಿಲ್ಲ. ಹಾಗಾಗಿ ಒಳಗಿನ ಕೆಂಪು ಹೊರಗೆ ಕಾಣುತ್ತದೆ. ವಾರಗಳು ಉರುಳಿದಂತೆ ವರ್ಣಕೋಶಗಳು ಕೆಲಸ ಚುರುಕುಗೊಳಿಸುತ್ತವೆ, ವಂಶವಾಹಿಗಳಲ್ಲಿ ಮೊದಲೇ ಬರೆದಿಟ್ಟಿದ್ದ ಬಣ್ಣ ಮೆಲ್ಲಗೆ ಮೇಲೇಳುತ್ತದೆ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅದು ಸುಮಾರಾಗಿ ನೆಲೆಗೊಳ್ಳುತ್ತದೆ. ಆಮೇಲೂ ಬಾಲ್ಯ, ಹರೆಯಗಳಲ್ಲಿ ಅಷ್ಟಿಷ್ಟು ಬದಲಾಗುವುದುಂಟು. ಮುಂದಿನ ಬಣ್ಣದ ಸುಳಿವು ಬೇಕೆಂಬ ಕುತೂಹಲವಿದ್ದವರು ಹುಟ್ಟಿದ ಮಗುವಿನ ಕಿವಿಯ ಅಂಚನ್ನೂ ಉಗುರಿನ ಬುಡವನ್ನೂ ನೋಡುತ್ತಾರೆ. ಅಲ್ಲಿ ಮೆಲನಿನ್ ಮೊದಲು ಕಾಣಿಸಿಕೊಳ್ಳುವುದರಿಂದ ಆ ಸುಳಿವಿನಲ್ಲಿ ಸ್ವಲ್ಪ ಹುರುಳಿದೆ, ಪಣ ಕಟ್ಟುವಷ್ಟಿಲ್ಲ.

ಬೆನ್ನಿನ ನೀಲಿ ಮಚ್ಚೆಯ ಕಥೆ ಸ್ವಾರಸ್ಯವಾಗಿದೆ. ಗರ್ಭದಲ್ಲಿ ವರ್ಣಕೋಶಗಳು ಹುಟ್ಟುವುದು ಚರ್ಮದಲ್ಲಲ್ಲ, ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳದ ಅಂಚಿನಲ್ಲಿ. ಅಲ್ಲಿಂದ ಹೊರಟು ಹೊರಚರ್ಮದವರೆಗೆ ಅವು ವಲಸೆ ಹೋಗಬೇಕು. ಕೆಲವು ದಾರಿಯಲ್ಲೇ, ಒಳಚರ್ಮದ ಆಳದಲ್ಲಿ ಉಳಿದುಬಿಡುತ್ತವೆ. ಆಳದಲ್ಲಿರುವ ಕಂದು ಮೆಲನಿನ್, ಬೆಳಕು ಚದುರುವ ರೀತಿಯಿಂದಾಗಿ ಮೇಲಿನಿಂದ ನೀಲಿಯಾಗಿ ಕಾಣುತ್ತದೆ. ಗಾಢ ಬಣ್ಣದ ಶಿಶುಗಳಲ್ಲಿ ಇದು ತೀರ ಸಾಮಾನ್ಯ. ನೋವಿಲ್ಲ, ಚಿಕಿತ್ಸೆ ಬೇಡ, ಬಹಳಷ್ಟು ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿಗೆ ಮಾಸುತ್ತದೆ. ಮೊದಲ ತಪಾಸಣೆಯಲ್ಲೇ ಇದನ್ನು ವೈದ್ಯರಿಂದ ದಾಖಲು ಮಾಡಿಸಿಡುವುದು ಒಳ್ಳೆಯದು, ಮುಂದೆ ಯಾರಾದರೂ ಇದನ್ನು ಹೊಡೆತದ ಗುರುತೆಂದು ತಪ್ಪಾಗಿ ತಿಳಿಯದಂತೆ.

ಮಗುವಿನ ಬಣ್ಣವನ್ನು ವೈದ್ಯರಾಗಿ ನಾವೂ ಬಹಳ ಗಮನಿಸುತ್ತೇವೆ, ಆದರೆ ನಾವು ಹುಡುಕುವ ಬಣ್ಣಗಳೇ ಬೇರೆ. ಕೈಕಾಲು ತುದಿ ಮೊದಲ ದಿನಗಳಲ್ಲಿ ನೀಲಿಯಾಗುವುದು ಸಹಜ. ತುಟಿ, ನಾಲಿಗೆ ನೀಲಿಯಾದರೆ ಒಂದು ಕ್ಷಣವೂ ಕಾಯಬಾರದು. ಪೂರ್ಣ ಅವಧಿಗೆ ಹುಟ್ಟಿದ ಮಕ್ಕಳಲ್ಲೂ ಐದರಲ್ಲಿ ಮೂರಕ್ಕೆ ಸ್ವಲ್ಪ ಕಾಮಾಲೆ ಕಾಣುತ್ತದೆ, ಆದರೆ ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ತುರ್ತು. ಕಪ್ಪು ಚರ್ಮದಲ್ಲಿ ಹಳದಿ ಸುಲಭವಾಗಿ ಗೊತ್ತಾಗುವುದಿಲ್ಲ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ಮತ್ತು ಒಸಡನ್ನು ನೋಡಬೇಕು. ಎರಡು ವಾರ ಕಳೆದರೂ ಹಳದಿ ಹೋಗದೆ ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪಿತ್ತನಾಳದ ತೊಂದರೆ ಇರಬಹುದು, ಅದಕ್ಕೆ ತಡಮಾಡಿದಷ್ಟೂ ನಷ್ಟ. ಕಪ್ಪಾಗುವುದರಲ್ಲಿಯೂ ಒಂದು ಎಚ್ಚರಿಕೆ ಇದೆ: ಒಸಡು, ಜನನಾಂಗ, ಚರ್ಮದ ಮಡಿಕೆಗಳು ವಿಶೇಷವಾಗಿ ಕಪ್ಪಾಗಿದ್ದು ಜೊತೆಗೆ ವಾಂತಿ, ತೂಕ ಏರದಿರುವುದು ಇದ್ದರೆ ಅಡ್ರಿನಲ್ ಗ್ರಂಥಿಯನ್ನು ಪರೀಕ್ಷಿಸಬೇಕು. ಬೆರಳಿನ ಗೆಣ್ಣುಗಳು ಕಪ್ಪಾಗಿ ಮಗು ಮಂಕಾಗಿದ್ದರೆ ವಿಟಮಿನ್ ಬಿ12 ಕೊರತೆಯ ಅನುಮಾನ ಬರುತ್ತದೆ. ನಿಮ್ಮ ಮಗು ಹಾಲು ಕುಡಿದು, ತೂಕ ಏರಿಸಿಕೊಂಡು, ಆಟವಾಡುತ್ತಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಅದು ತನ್ನ ನಿಜವಾದ ಬಣ್ಣಕ್ಕೆ ಬರುತ್ತಿದೆ, ಅಷ್ಟೇ.

ಪ್ರಶ್ನೆ: ಗರ್ಭಿಣಿಯಾಗಿದ್ದಾಗ ಬಿಸಿಲಿನಲ್ಲಿ ದುಡಿಯಬೇಕಾಯಿತು. ನನ್ನ ಮುಖವೆಲ್ಲ ಕಪ್ಪಿಟ್ಟಿತು. ಮಗುವಿಗೂ ಅದು ತಟ್ಟಿದೆಯೇ?

ಉತ್ತರ: ಇಲ್ಲ. ಬಿಸಿಲಿಗೆ ನಿಮ್ಮ ಚರ್ಮದ ಕೋಶಗಳು ಕಪ್ಪಾದವು. ಮಗುವಿಗೆ ಹೋದದ್ದು ಅಂಡಾಣುವಿನಲ್ಲಿದ್ದ ಡಿಎನ್‌ಎ, ಅದಕ್ಕೆ ಈ ಸುದ್ದಿ ತಲುಪುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ತಲೆಮಾರು ತಲೆಮಾರಾಗಿ ಇಲಿಗಳ ಬಾಲ ಕತ್ತರಿಸಿದರೂ ಮರಿಗಳು ಬಾಲದೊಂದಿಗೇ ಹುಟ್ಟಿದವು. ಮುಖದ ಮೇಲಿನ ಬಂಗು ಗರ್ಭಧಾರಣೆಯ ಹಾರ್ಮೋನುಗಳಿಂದಲೂ ಬರುತ್ತದೆ, ಅದೂ ಮಗುವಿಗೆ ದಾಟುವುದಿಲ್ಲ. ಇದೇ ಕಾರಣದಿಂದ, ತಾಯಿ ಏನನ್ನು ತಿಂದರೂ ಕುಡಿದರೂ ಮಗುವಿನ ಬಣ್ಣ ತಿಳಿಯಾಗದು. ಗರ್ಭ ನಿಂತ ಕ್ಷಣದಲ್ಲೇ ಆ ಹಂಚಿಕೆ ಮುಗಿದಿರುತ್ತದೆ.

ಪ್ರಶ್ನೆ: ನಾವಿಬ್ಬರೂ ಬೆಳ್ಳಗಿದ್ದೇವೆ. ಮಗು ನಮ್ಮಿಬ್ಬರಿಗಿಂತ ಕಪ್ಪಗಿದೆ. ಪತಿ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಮಗುವನ್ನು ಎತ್ತಿಕೊಳ್ಳುವುದನ್ನು ಕಡಿಮೆ ಮಾಡಿದ್ದಾರೆ. ಅತ್ತೆಯವರ ಮಾತುಗಳನ್ನು ಇಲ್ಲಿ ಬರೆಯಲಾರೆ. ಬಣ್ಣದಿಂದ ತಂದೆ ಯಾರೆಂದು ಹೇಳಲು ಬರುತ್ತದೆಯೇ?

ಉತ್ತರ: ಬರುವುದಿಲ್ಲ. ನಿಮ್ಮ ಪತಿಯವರೂ ಓದಬಹುದೆಂಬ ಆಸೆಯಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೇಲಿನ ಮೂರು ವಂಶವಾಹಿಗಳ ಲೆಕ್ಕವನ್ನೇ ಮತ್ತೆ ತೆಗೆದುಕೊಳ್ಳಿ. ನಿಮ್ಮಲ್ಲಿ ಮೊದಲ ಮತ್ತು ಎರಡನೆಯ ಜಾಗದಲ್ಲಿ ಒಂದೊಂದು ಗಾಢ ಪ್ರತಿ ಇದೆ, ಮೂರನೆಯದರಲ್ಲಿ ಇಲ್ಲ. ಅವರಲ್ಲಿ ಎರಡನೆಯ ಮತ್ತು ಮೂರನೆಯ ಜಾಗದಲ್ಲಿ ಒಂದೊಂದಿದೆ, ಮೊದಲನೆಯದರಲ್ಲಿ ಇಲ್ಲ. ಇಬ್ಬರಲ್ಲೂ ಆರರಲ್ಲಿ ಎರಡೇ ಗಾಢ ಪ್ರತಿಗಳು, ಆದ್ದರಿಂದ ಇಬ್ಬರೂ ತಿಳಿಬಣ್ಣದವರು. ಮಗುವಿಗೆ ನಿಮ್ಮ ಎರಡೂ, ಅವರ ಎರಡೂ ಬಂದರೆ? ಆರರಲ್ಲಿ ನಾಲ್ಕು ಗಾಢ. 16 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಮೂರು ಗಾಢ ಪ್ರತಿಗಳು ಬರುವ ಮಕ್ಕಳು ಇನ್ನೂ ನಾಲ್ವರು. ಅಂದರೆ ತಂದೆತಾಯಿ ಇಬ್ಬರಿಗಿಂತಲೂ ಗಾಢವಾದ ಮಕ್ಕಳು 16ರಲ್ಲಿ ಐದು. ಒಂದೇ ಬಣ್ಣದವರಾಗಿ ಕಾಣುವ ಇಬ್ಬರು ಆ ಬಣ್ಣಕ್ಕೆ ಬೇರೆ ಬೇರೆ ದಾರಿಯಿಂದ ಬಂದಿರಬಹುದು, ಮಗುವಿನಲ್ಲಿ ಆ ಎರಡು ದಾರಿಗಳು ಕೂಡಿಕೊಂಡಿವೆ. ಅಜ್ಜಿಯ ಬಣ್ಣ, ಮುತ್ತಾತನ ಬಣ್ಣ ಎಂದು ಹಿರಿಯರು ಹೇಳುವುದು ಇದನ್ನೇ. ಇಬ್ಬರಲ್ಲೂ ಗಾಢ ಪ್ರತಿಗಳು ಬಹಳ ಕಡಿಮೆಯಿದ್ದಾಗ ಮಗು ಎಷ್ಟು ಗಾಢವಾಗಬಹುದೆಂಬುದಕ್ಕೆ ಒಂದು ಮಿತಿ ಇದೆ, ನಿಜ. ಆದರೆ ಯಾರಲ್ಲಿ ಎಷ್ಟಿವೆ ಎಂಬುದನ್ನು ಕನ್ನಡಿಯ ಮುಂದೆ ನಿಂತು ಎಣಿಸಲಾಗದು. ಎರಡು ಅಂಡಾಣುಗಳಿಂದ ಒಂದೇ ಬಸುರಿನಲ್ಲಿ ಹುಟ್ಟಿದ ಅವಳಿಗಳಲ್ಲಿ ಒಂದು ಬೆಳ್ಳಗೆ, ಒಂದು ಕಪ್ಪಗೆ ಇರುವ ಉದಾಹರಣೆಗಳೇ ಇವೆ.

ಪಿತೃತ್ವ ಪರೀಕ್ಷೆಯಲ್ಲಿ ಬಣ್ಣದ ವಂಶವಾಹಿಗಳನ್ನು ನೋಡುವುದೇ ಇಲ್ಲ. ಡಿಎನ್‌ಎಯಲ್ಲಿ ಒಂದೇ ಸಣ್ಣ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಸುಮಾರು 20 ತಾಣಗಳನ್ನು ಹೋಲಿಸುತ್ತಾರೆ. ಆ ತಾಣಗಳಿಗೂ ಮಗು ಹೇಗೆ ಕಾಣುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಅಂಥ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಬಣ್ಣವನ್ನು ಸಾಕ್ಷ್ಯವಾಗಿ ಮುಂದಿಟ್ಟವರು ಸಾಕ್ಷ್ಯವೆಂದರೇನೆಂದೇ ತಿಳಿಯದವರು ಎಂದು ಹೇಳುತ್ತಿದ್ದೇನೆ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ. ಕಾಗದದ ಮೇಲೆ ಈ ಲೆಕ್ಕವನ್ನು ಪತಿಯವರ ಕೈಯಿಂದಲೇ ಬರೆಯಿಸಲು ವೈದ್ಯರಿಗೆ ಹೇಳಿ.

ಪ್ರಶ್ನೆ: ನಾವಿಬ್ಬರೂ ಕಂದು ಬಣ್ಣದವರು. ಮಗುವಿನ ಚರ್ಮ ಹಾಲಿನಂತೆ ಬಿಳಿ, ಕೂದಲೂ ಬಿಳಿ. ಕಣ್ಣುಗುಡ್ಡೆಗಳು ಸದಾ ಅತ್ತಿತ್ತ ಓಲಾಡುತ್ತವೆ. ಎಲ್ಲರೂ ‘ಎಷ್ಟು ಚೆಂದ’ ಎನ್ನುತ್ತಿದ್ದಾರೆ. ನಮಗೆ ಭಯವಾಗುತ್ತಿದೆ.

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಆದರೆ ಹೆದರಿ ಕೂರಬೇಕಾದ ಸ್ಥಿತಿಯಲ್ಲ. ಇದು ಆಲ್ಬಿನಿಸಂ ಆಗಿರುವ ಸಾಧ್ಯತೆ ಹೆಚ್ಚು. ವರ್ಣಕೋಶಗಳಿವೆ, ಆದರೆ ಟೈರೋಸಿನೇಸ್‌ನಂಥ ಯಾವುದೋ ಒಂದು ಕೊಂಡಿ ಕಳಚಿರುವುದರಿಂದ ಮೆಲನಿನ್ ತಯಾರಾಗುತ್ತಿಲ್ಲ. ಪ್ರಪಂಚದಾದ್ಯಂತ ಸುಮಾರು 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ತಂದೆತಾಯಿ ಇಬ್ಬರಲ್ಲೂ ಒಂದೊಂದು ದೋಷಯುಕ್ತ ಪ್ರತಿ ಇದ್ದು, ಇನ್ನೊಂದು ಸರಿಯಾದ ಪ್ರತಿ ಕೆಲಸ ನಡೆಸಿಕೊಂಡು ಹೋಗುವುದರಿಂದ ಅವರಿಗೆ ಅದು ತಿಳಿದೇ ಇರುವುದಿಲ್ಲ. ಮಗುವಿಗೆ ಎರಡೂ ಕಡೆಯಿಂದ ದೋಷದ ಪ್ರತಿಯೇ ಬರುವ ಸಂಭವ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತೆಂದು ಎರಡನೆಯದಕ್ಕೆ ಈ ಸಂಭವ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ರಕ್ತಸಂಬಂಧದೊಳಗೆ ಮದುವೆಯಾದವರಲ್ಲಿ ಒಂದೇ ದೋಷದ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು.

ಕಣ್ಣು ಓಲಾಡುವುದು ಇದರದೇ ಭಾಗ. ಅಕ್ಷಿಪಟಲದ ನಡುಭಾಗ ಸರಿಯಾಗಿ ರೂಪುಗೊಳ್ಳಲು, ಕಣ್ಣಿನಿಂದ ಮೆದುಳಿಗೆ ನರತಂತುಗಳು ಸರಿಯಾದ ದಾರಿ ಹಿಡಿಯಲು ಮೆಲನಿನ್ ಬೇಕು. ಆದ್ದರಿಂದ ಮೊದಲು ನೇತ್ರವೈದ್ಯರ ಬಳಿ ಹೋಗಿ. ಕನ್ನಡಕ, ದಪ್ಪಕ್ಷರದ ಪುಸ್ತಕ, ತರಗತಿಯಲ್ಲಿ ಮುಂದಿನ ಸಾಲು ಇವುಗಳಿಂದ ಎಷ್ಟೋ ಅನುಕೂಲವಾಗುತ್ತದೆ. ಬುದ್ಧಿ ಬೆಳವಣಿಗೆಗೆ ಇದರಿಂದ ಧಕ್ಕೆಯಿಲ್ಲ. ಚರ್ಮಕ್ಕೆ ಕೊಡೆಯೇ ಇಲ್ಲವಾದ್ದರಿಂದ ತುಂಬುತೋಳಿನ ಬಟ್ಟೆ, ಅಗಲವಾದ ಟೋಪಿ, ಆರು ತಿಂಗಳ ನಂತರ ಸನ್‌ಸ್ಕ್ರೀನ್, ಇವು ಜೀವನಪರ್ಯಂತ ಬೇಕು. ಇಲ್ಲದಿದ್ದರೆ ಚರ್ಮದ ಕ್ಯಾನ್ಸರಿನ ಅಪಾಯ ನಿಜವಾದದ್ದು. ಮಗುವಿಗೆ ಸುಲಭವಾಗಿ ರಕ್ತಸ್ರಾವವಾಗುತ್ತಿದ್ದರೆ, ಪದೇ ಪದೇ ಸೋಂಕು ತಗಲುತ್ತಿದ್ದರೆ ತಪ್ಪದೆ ತಿಳಿಸಿ, ಆಲ್ಬಿನಿಸಂನ ಕೆಲವು ಅಪರೂಪದ ಬಗೆಗಳಲ್ಲಿ ಹಾಗಾಗುತ್ತದೆ.

ಒಂದು ಪಕ್ಕದ ಮಾತು: ಆಲ್ಬಿನಿಸಂ ಇರುವ ಇಬ್ಬರು ಮದುವೆಯಾಗಿ ಸಾಮಾನ್ಯ ಬಣ್ಣದ ಮಕ್ಕಳನ್ನು ಪಡೆಯುವುದೂ ಸಾಧ್ಯ. ಒಬ್ಬರಲ್ಲಿ ಕೆಟ್ಟ ವಂಶವಾಹಿ ಒಂದು, ಇನ್ನೊಬ್ಬರಲ್ಲಿ ಬೇರೊಂದು; ಮಗುವಿಗೆ ಎರಡರದ್ದೂ ಒಂದೊಂದು ಸರಿಯಾದ ಪ್ರತಿ ಸಿಕ್ಕಿ ಕೊಂಡಿ ಮತ್ತೆ ಕೂಡಿಕೊಳ್ಳುತ್ತದೆ.

ಪ್ರಶ್ನೆ: ಹುಟ್ಟುವ ಮೊದಲೇ ಮಗುವಿನ ಬಣ್ಣ ತಿಳಿಸುವ ಪರೀಕ್ಷೆ ಇದೆಯೇ?

ಉತ್ತರ: ಅಪರಾಧ ತನಿಖೆಯಲ್ಲಿ ಅಪರಿಚಿತರ ಡಿಎನ್‌ಎಯಿಂದ ಕಣ್ಣು, ಕೂದಲು, ಚರ್ಮಗಳ ಬಣ್ಣವನ್ನು ಅಂದಾಜಿಸುವ ಹಿರಿಸ್‌ಪ್ಲೆಕ್ಸ್-ಎಸ್ ಎಂಬ ವಿಧಾನವಿದೆ. 2018ರಲ್ಲಿ ಬಂದ ಅದು ಡಿಎನ್‌ಎಯ 41 ತಾಣಗಳನ್ನು ಓದುತ್ತದೆ. ಅದೂ ಚರ್ಮದ ಬಣ್ಣವನ್ನು ಐದು ಸ್ಥೂಲ ವರ್ಗಗಳಲ್ಲಿ, ಇಷ್ಟು ಸಂಭವ ಎಂದಷ್ಟೇ ಹೇಳುತ್ತದೆ. ಒಂದೇ ಮನೆಯ ಮಕ್ಕಳ ನಡುವಿನ ಅಂತರವನ್ನು ಮುಂಚಿತವಾಗಿ ಹೇಳುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ಗರ್ಭಸ್ಥ ಶಿಶುವಿನ ಪರೀಕ್ಷೆಗಳಿರುವುದು ಕಾಯಿಲೆಗಳಿಗಾಗಿ. ಬಣ್ಣ ಕಾಯಿಲೆಯಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಮಗಳಿಗೆ ಬಿಳುಪಾಗಲೆಂದು ಪರಿಚಿತರು ಒಂದು ಕ್ರೀಮ್ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಏನು ಬೆರೆತಿದೆಯೆಂದು ಬರೆದಿಲ್ಲ. ಮೂರು ವಾರದಿಂದ ಹಚ್ಚುತ್ತಿದ್ದೇನೆ. ವ್ಯತ್ಯಾಸ ಕಾಣುತ್ತಿದೆ, ಮುಂದುವರಿಸಲೇ?

ಉತ್ತರ: ವ್ಯತ್ಯಾಸ ಕಾಣುತ್ತಿದೆ ಎಂಬುದೇ ನನ್ನ ಚಿಂತೆ. ವಂಶವಾಹಿಯಲ್ಲಿರುವ ಬಣ್ಣವನ್ನು ಯಾವ ಕ್ರೀಮೂ ಬದಲಿಸಲಾರದು; ಮೂರು ವಾರದಲ್ಲಿ ಚರ್ಮ ಬಿಳಿಚಿಕೊಳ್ಳಬೇಕಾದರೆ ಅದರಲ್ಲಿ ಪಾದರಸವೋ, ಹೈಡ್ರೋಕ್ವಿನೋನೋ, ಬಲವಾದ ಸ್ಟೀರಾಯ್ಡೋ ಇರುವ ಸಂಭವ ಹೆಚ್ಚು. ಟೈರೋಸಿನೇಸ್ ಕೆಲಸ ಮಾಡಲು ತಾಮ್ರ ಬೇಕು. ಆ ತಾಮ್ರದ ಜಾಗವನ್ನು ಪಾದರಸ ಆಕ್ರಮಿಸಿ ಕಿಣ್ವವನ್ನು ಕೆಡಿಸುತ್ತದೆ, ಅಲ್ಲಿಗೇ ನಿಲ್ಲದೆ ಮೂತ್ರಪಿಂಡಕ್ಕೂ ನರಮಂಡಲಕ್ಕೂ ಹೋಗುತ್ತದೆ. ಪಾದರಸ ಕುರಿತ ಅಂತಾರಾಷ್ಟ್ರೀಯ ಮಿನಮಾಟ ಒಪ್ಪಂದ ಇಂಥ ಕ್ರೀಮುಗಳನ್ನು ನಿಷೇಧದ ಪಟ್ಟಿಗೆ ಸೇರಿಸಿರುವುದು ಇದೇ ಕಾರಣಕ್ಕೆ. ಶಿಶುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಅದರ ವಿಸ್ತಾರ ವಯಸ್ಕರಿಗಿಂತ ಬಹಳ ಹೆಚ್ಚು, ಹಾಗಾಗಿ ಹಚ್ಚಿದ್ದು ರಕ್ತಕ್ಕೆ ಸೇರುವ ಪ್ರಮಾಣವೂ ಹೆಚ್ಚು.

ಇಂದೇ ಮಗಳನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಅದಕ್ಕೂ ಮೊದಲು ಇನ್ನೊಂದು ಬಾರಿ ಹಚ್ಚಬೇಡಿ. ಬೇಸರದಿಂದ ಡಬ್ಬಿಯನ್ನು ಎಸೆಯದೆ ಜೊತೆಗೇ ಒಯ್ಯಿರಿ. ದಿನಕ್ಕೆ ಎಷ್ಟು ಬಾರಿ, ಮೈಯ ಯಾವ ಯಾವ ಭಾಗಕ್ಕೆ, ಎಷ್ಟು ದಪ್ಪಗೆ ಹಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಸ್ಟೀರಾಯ್ಡ್ ಇದ್ದುದೇ ಆದರೆ ಒಮ್ಮೆಲೇ ನಿಲ್ಲಿಸಿದಾಗ ಚರ್ಮ ಕೆಂಪಾಗಿ ಉರಿಯಬಹುದು, ಮಗು ಮಂಕಾಗಬಹುದು. ಅದನ್ನು ಹೇಗೆ ನಿಭಾಯಿಸಬೇಕೆಂದು ಡಬ್ಬಿಯನ್ನೂ ಮಗುವನ್ನೂ ನೋಡಿ ಅವರು ನಿರ್ಧರಿಸುತ್ತಾರೆ.